ಕಾಣದ ಕಿರಣವೂ ಕೇಳಿಸದ ಶಬ್ದವೂ

ಸ್ತನದ ಅರ್ಬುದರೋಗದ ಚಿಕಿತ್ಸೆಯಲ್ಲಿ ಒಂದು ಹೊಸ ಪ್ರಯತ್ನ

ಸ್ತ್ರೀಯರನ್ನು ಪೀಡಿಸುವ ರೋಗಗಳಲ್ಲಿ ಸ್ತನದ ಅರ್ಬುದದಷ್ಟು ಸದ್ದಿಲ್ಲದೆ ಬೆಳೆಯುವುದೂ, ಅದರಷ್ಟು ಸದ್ದಿಲ್ಲದೆ ಮುಚ್ಚಿಡಲ್ಪಡುವುದೂ ವಿರಳ. ಜನರು ಕ್ಯಾನ್ಸರ್ ಎಂದು ಕರೆಯುವ ಈ ರೋಗವು ಮೊದಮೊದಲು ಸಾಧಾರಣವಾಗಿ ನೋಯುವುದಿಲ್ಲ, ಜ್ವರವನ್ನು ತರುವುದಿಲ್ಲ, ಮನೆಗೆಲಸಕ್ಕೆ ಅಡ್ಡಿಯಾಗುವುದಿಲ್ಲ. ಕಡಲೆಯಷ್ಟು ಗಂಟು ಕೈಗೆ ತಗಲಿದರೂ, ಮಗಳ ಮದುವೆ ಕಳೆಯಲಿ, ಮಗನ ಪರೀಕ್ಷೆ ಮುಗಿಯಲಿ, ಸುಗ್ಗಿ ತೀರಲಿ ಎಂದು ತಾಯಂದಿರು ದಿನಗಳನ್ನು ಮುಂದೂಡುತ್ತಾರೆ. ನಾಚಿಕೆಯು ಒಂದು ಕಡೆ, ಭಯವು ಇನ್ನೊಂದು ಕಡೆ ಅವರ ಬಾಯನ್ನು ಕಟ್ಟುತ್ತದೆ.

೨೦೨೨ನೆಯ ಇಸವಿಯಲ್ಲಿ ಲೋಕದೊಳಗೆ ಸುಮಾರು ೨೩ ಲಕ್ಷ ಸ್ತ್ರೀಯರಿಗೆ ಈ ರೋಗವಿರುವುದು ಗೊತ್ತಾಯಿತೆಂದೂ, ಆ ಒಂದೇ ವರ್ಷದಲ್ಲಿ ೬ ಲಕ್ಷ ೭೦ ಸಾವಿರ ಮಂದಿ ಇದರಿಂದ ಮೃತರಾದರೆಂದೂ ವಿಶ್ವ ಆರೋಗ್ಯ ಸಂಸ್ಥೆಯವರು ಲೆಕ್ಕ ಹಾಕಿದ್ದಾರೆ. ಅದೇ ವರ್ಷದಲ್ಲಿ ನಮ್ಮ ದೇಶದ ಹೊಸ ರೋಗಿಗಳ ಅಂದಾಜು ಸಂಖ್ಯೆ ಸುಮಾರು ೧ ಲಕ್ಷ ೯೨ ಸಾವಿರ. ಮೃತರ ಸಂಖ್ಯೆ ಸುಮಾರು ೯೮ ಸಾವಿರ. ಈ ಅಂಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಲೋಕದ ಲೆಕ್ಕದಲ್ಲಿ ಹೊಸ ರೋಗಿಗಳು ಮೂರೂವರೆ ಮಂದಿಯಿರುವಲ್ಲಿ ಮರಣವು ಒಂದು. ನಮ್ಮ ದೇಶದಲ್ಲಾದರೋ ಇಬ್ಬರಿರುವಲ್ಲಿ ಒಂದು. ಈ ಅಂತರಕ್ಕೆ ಮುಖ್ಯ ಕಾರಣಗಳಲ್ಲೊಂದು ಯಾವುದೆಂದರೆ, ನಮ್ಮವರು ವೈದ್ಯರ ಬಳಿಗೆ ತಡವಾಗಿ ಬರುವುದೇ.

ತಡವಾಗಿ ಬಂದವರ ಗಡ್ಡೆಯು ದೊಡ್ಡದಾಗಿರುತ್ತದೆ. ಕೆಲವು ವೇಳೆ ಎದೆಯ ಗೋಡೆಗೆ ಅಂಟಿಕೊಂಡು ಶಸ್ತ್ರಕ್ಕೆ ನಿಲುಕದಂತಿರುತ್ತದೆ. ಅಂಥವರಿಗೆ ಔಷಧಿಯೊಡನೆ ಕಿರಣಚಿಕಿತ್ಸೆಯು ದೊಡ್ಡ ಆಸರೆ. ಆದರೆ ಗಡ್ಡೆಯು ದೊಡ್ಡದಾದಷ್ಟೂ ಕಿರಣದ ಬಲವು ಸಾಲದೆ ಹೋಗುತ್ತದೆ. ಈ ಬಲವನ್ನು ಹೆಚ್ಚಿಸುವುದಕ್ಕೆ, ಮನುಷ್ಯರ ಕಿವಿಗೆ ಕೇಳಿಸದ ಶಬ್ದವನ್ನು ಸಹಾಯಕ್ಕೆ ಕರೆಯಬಹುದೇ ಎಂದು ವಿದ್ವಾಂಸರು ಕೆಲವು ವರ್ಷಗಳಿಂದ ಪರೀಕ್ಷಿಸುತ್ತಿದ್ದಾರೆ. ಆ ಪ್ರಯತ್ನವು ಯಾವುದು, ಅದರ ಹಿಂದಿರುವ ನ್ಯಾಯವೇನು, ಅದು ಎಷ್ಟರ ಮಟ್ಟಿಗೆ ಸಿದ್ಧಿಸಿದೆ ಎಂಬುದನ್ನು ಕ್ರಮವಾಗಿ ವಿಚಾರಿಸೋಣ.

೧. ರೋಗದ ಸ್ವರೂಪ

ನಮ್ಮ ಶರೀರವು ಅಸಂಖ್ಯಾತ ಜೀವಕೋಶಗಳಿಂದ ಕಟ್ಟಲ್ಪಟ್ಟಿದೆ. ಪ್ರತಿಯೊಂದು ಕೋಶವೂ ಬೇಕಾದಾಗ ಎರಡಾಗಿ ಒಡೆದು, ಸಾಕಾದಾಗ ನಿಂತು, ಮುದಿಯಾದಾಗ ಅಳಿದುಹೋಗುವುದು ಸೃಷ್ಟಿನಿಯಮ. ಈ ನಿಯಮದ ಬರಹವು ಕೋಶದ ನಡುವಿನಲ್ಲಿ ಡಿ.ಎನ್.ಎ. ಎಂಬ ಎರಡೆಳೆಯ ಹುರಿಯಲ್ಲಿ ಅಡಗಿದೆ. ಯಾವ ಕಾರಣದಿಂದಲಾದರೂ ಆ ಬರಹವು ಅಲ್ಲಲ್ಲಿ ಕೆಟ್ಟು, ಒಂದು ಕೋಶವು ನಿಲ್ಲುವುದನ್ನು ಮರೆತು ಒಂದೇ ಸಮನೆ ಒಡೆಯುತ್ತಾ ಹೋದರೆ ಅದೇ ಅರ್ಬುದವಾಗುತ್ತದೆ.

ಬೆಳೆಯುವ ಗಡ್ಡೆಗೆ ಆಹಾರವೂ ಆಮ್ಲಜನಕವೂ ಬೇಕು. ಅವೆರಡೂ ರಕ್ತದ ಮೂಲಕವೇ ಬರತಕ್ಕವು. ಆದುದರಿಂದ ಗಡ್ಡೆಯು ಸುತ್ತಲಿನ ರಕ್ತನಾಳಗಳಿಗೆ ಒಂದು ಬಗೆಯ ರಾಸಾಯನಿಕ ಕರೆಯನ್ನು ಕಳುಹಿಸಿ, ತನ್ನೊಳಕ್ಕೆ ಹೊಸ ನಾಳಗಳು ಚಿಗುರುವಂತೆ ಮಾಡಿಕೊಳ್ಳುತ್ತದೆ. ಅಮೇರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಎಂಬವರು ೧೯೭೧ರಲ್ಲಿ ಈ ವಿಷಯವನ್ನು ಎತ್ತಿ ತೋರಿಸಿ, ನಾಳಗಳನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದೆಂದು ವಾದಿಸಿದರು. ಅವಸರದಲ್ಲಿ ಕಟ್ಟಿದ ಕಾಲುವೆಯಂತೆ ಈ ಹೊಸ ನಾಳಗಳು ಸೊಟ್ಟಪಟ್ಟವಾಗಿಯೂ ಸೋರುವಂಥವಾಗಿಯೂ ಇರುತ್ತವೆ. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಹೇಳಲಿರುವ ಚಿಕಿತ್ಸೆಯ ಗುಟ್ಟು ಇದರಲ್ಲಿಯೇ ಇದೆ.

೨. ಕಾಣದ ಕಿರಣ

೧೮೯೫ನೆಯ ಇಸವಿ ನವೆಂಬರ್ ೮ನೆಯ ತಾರೀಕಿನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್ ಪಟ್ಟಣದಲ್ಲಿ ರಾಂಟ್ಜೆನ್ ಎಂಬ ಪಂಡಿತರು, ಮಾಂಸವನ್ನು ದಾಟಿ ಹೋಗಿ ಎಲುಬಿನ ನೆರಳನ್ನು ತೋರಿಸುವ ಒಂದು ಅಪೂರ್ವ ಕಿರಣವನ್ನು ಕಂಡುಹಿಡಿದರು. ಅದರ ಸ್ವಭಾವವು ಆಗ ತಿಳಿಯದಿದ್ದುದರಿಂದ ಅದಕ್ಕೆ ಎಕ್ಸ್ ಕಿರಣವೆಂದು ಹೆಸರಿಟ್ಟರು. ಮೂರು ವರ್ಷಗಳ ತರುವಾಯ, ೧೮೯೮ರಲ್ಲಿ, ಮೇರಿ ಕ್ಯೂರಿಯವರೂ ಅವರ ಪತಿ ಪಿಯರ್ ಕ್ಯೂರಿಯವರೂ ಪ್ಯಾರಿಸಿನಲ್ಲಿ ರೇಡಿಯಮ್ ಎಂಬ ಧಾತುವನ್ನು ಪತ್ತೆ ಹಚ್ಚಿದರು. ಈ ಎರಡೂ ಬಹು ಬೇಗನೆ ವೈದ್ಯರ ಕೈಗೆ ಬಂದುವು.

ಆ ಕಾಲದಲ್ಲಿ ಸ್ತನದ ಅರ್ಬುದಕ್ಕೆ ಇದ್ದ ಮುಖ್ಯ ಚಿಕಿತ್ಸೆಯು ಬಹಳ ಕಠಿಣವಾದುದು. ಅಮೇರಿಕದ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರ ಪದ್ಧತಿಯಂತೆ ಇಡೀ ಸ್ತನವನ್ನೂ, ಅದರ ಕೆಳಗಿನ ಎದೆಯ ಸ್ನಾಯುಗಳನ್ನೂ, ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ಕತ್ತರಿಸಿ ತೆಗೆಯುತ್ತಿದ್ದರು. ಲಂಡನ್ನಿನ ಜೆಫ್ರಿ ಕೇನ್ಸ್ ಎಂಬವರು ೧೯೨೦ರ ದಶಕದಲ್ಲಿ, ಅಷ್ಟೊಂದು ಕತ್ತರಿಸದೆ ರೇಡಿಯಮ್ ತುಂಬಿದ ಸೂಜಿಗಳನ್ನು ಗಡ್ಡೆಯ ಸುತ್ತಲೂ ಇಟ್ಟು ಗುಣಪಡಿಸಲು ಯತ್ನಿಸಿದರು. ಅವರ ಮಾತನ್ನು ಆಗ ಕೇಳಿದವರು ಕಡಿಮೆ. ಆದರೆ ಮುಂದೆ ಅಮೇರಿಕದಲ್ಲಿ ಬರ್ನಾರ್ಡ್ ಫಿಷರ್ ಎಂಬವರೂ ಇಟಲಿಯ ಮಿಲಾನ್ ನಗರದಲ್ಲಿ ವೆರೊನೇಸಿ ಎಂಬವರೂ ನಡೆಸಿದ ದೀರ್ಘ ಪರೀಕ್ಷೆಗಳಿಂದ, ಚಿಕ್ಕ ಗಡ್ಡೆಯನ್ನು ಮಾತ್ರ ತೆಗೆದು ಉಳಿದ ಸ್ತನಕ್ಕೆ ಕಿರಣ ಕೊಟ್ಟವರೂ, ಇಡೀ ಸ್ತನವನ್ನು ತೆಗೆಸಿಕೊಂಡವರೂ ಇಪ್ಪತ್ತು ವರ್ಷಗಳ ಬಳಿಕ ಸಮಪ್ರಮಾಣದಲ್ಲಿ ಬದುಕಿದ್ದರೆಂಬುದು ೨೦೦೨ರಲ್ಲಿ ಸ್ಪಷ್ಟವಾಯಿತು. ೧೭ ಪರೀಕ್ಷೆಗಳಲ್ಲಿ ಸೇರಿದ್ದ ೧೦,೮೦೧ ಸ್ತ್ರೀಯರ ಲೆಕ್ಕವನ್ನು ೨೦೧೧ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಸ್ತನವನ್ನು ಉಳಿಸಿಕೊಂಡವರಲ್ಲಿ ಹತ್ತು ವರ್ಷದೊಳಗೆ ರೋಗವು ಮರಳಿ ಬರುವ ಸಂಭವವು ಕಿರಣವಿಲ್ಲದೆ ನೂರಕ್ಕೆ ೩೫ ಇದ್ದದ್ದು, ಕಿರಣದಿಂದ ೧೯ಕ್ಕೆ ಇಳಿದಿತ್ತು. ನಮ್ಮ ಜನರು ಕರೆಂಟು ಕೊಡುವುದು ಎಂದು ಭಯದಿಂದ ಹೇಳುವ ಚಿಕಿತ್ಸೆಯ ನಿಜವಾದ ಉಪಕಾರವು ಇಷ್ಟು ದೊಡ್ಡದು. ಅದರಲ್ಲಿ ವಿದ್ಯುತ್ತಿನ ಆಘಾತವೇನೂ ಇಲ್ಲ. ಕಿರಣವು ಒಳಹೋಗುವಾಗ ರೋಗಿಗೆ ನೋವೂ ತಿಳಿಯುವುದಿಲ್ಲ.

ಈ ಕಿರಣವು ಕೊಲ್ಲುವುದು ಹೇಗೆ? ಅದು ಕೋಶವನ್ನು ಹಾದುಹೋಗುವಾಗ ಅಲ್ಲಿಯ ಅಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತದೆ. ಅದರಿಂದ ಮೇಲೆ ಹೇಳಿದ ಎರಡೆಳೆಯ ಹುರಿಯು ತುಂಡಾಗುತ್ತದೆ. ಒಂದೆಳೆ ಹರಿದರೆ ಕೋಶವು ಅದನ್ನು ಹೊಸೆದುಕೊಂಡೀತು. ಎರಡೂ ಒಂದೇ ಕಡೆ ಹರಿದರೆ ಸರಿಪಡಿಸುವುದು ಕಷ್ಟ. ಆರೋಗ್ಯವಂತ ಕೋಶಗಳು ಈ ರಿಪೇರಿಯಲ್ಲಿ ಹೆಚ್ಚು ಕುಶಲವಾದವು; ಅರ್ಬುದದ ಕೋಶಗಳು ಅಷ್ಟು ಕುಶಲವಲ್ಲ. ಆದಕಾರಣ ಕಿರಣವನ್ನು ಒಂದೇ ಸಾರಿಗೆ ಕೊಡದೆ, ಒಳ್ಳೆಯ ಕೋಶಗಳಿಗೆ ಸುಧಾರಿಸಿಕೊಳ್ಳಲು ಬಿಡುವು ಕೊಟ್ಟು, ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಕೊಡುವ ಪದ್ಧತಿಯು ರೂಢಿಗೆ ಬಂತು. ಕಿರಣವನ್ನು ಅಳೆಯುವ ಮಾನಕ್ಕೆ ಗ್ರೇ ಎಂದು ಹೆಸರು. ದಿನಕ್ಕೆ ೨ ಗ್ರೇಯಂತೆ ೨೫ ದಿನಗಳಲ್ಲಿ ೫೦ ಗ್ರೇ ಕೊಡುವುದು ಹಿಂದಿನ ಕ್ರಮ. ಆಮೇಲೆ ೧೫ ದಿನಗಳಲ್ಲಿ ೪೦ ಗ್ರೇ ಕೊಟ್ಟರೂ ಸಾಕೆಂದು ಬ್ರಿಟಿಷ್ ವೈದ್ಯರ ಪರೀಕ್ಷೆಯಿಂದ ತಿಳಿದು, ಈ ಕ್ರಮವು ಅನೇಕ ಕಡೆಗಳಲ್ಲಿ ಬಳಕೆಗೆ ಬಂತು.

೩. ಕಿರಣಕ್ಕಿರುವ ಎರಡು ಅಡ್ಡಿಗಳು

ಹೀಗಿದ್ದರೂ ಕಿರಣದ ದಾರಿಯಲ್ಲಿ ಎರಡು ಅಡ್ಡಿಗಳಿವೆ.

ಮೊದಲನೆಯದು ಆಮ್ಲಜನಕದ ಕೊರತೆ. ಕಿರಣವು ಹುರಿಯನ್ನು ಹರಿದಾಗ, ಆ ಹರುಕನ್ನು ಕೂಡದಂತೆ ಮಾಡುವುದು ಅಲ್ಲಿರುವ ಆಮ್ಲಜನಕ. ಅದು ಇಲ್ಲದಿದ್ದರೆ ಹರಿದ ಎಳೆಯು ಮತ್ತೆ ಕೂಡಿಕೊಳ್ಳುವ ಸಂಭವವು ಹೆಚ್ಚು. ಇಂಗ್ಲೆಂಡಿನ ಥಾಮ್ಲಿನ್‌ಸನ್ ಮತ್ತು ಗ್ರೇ ಎಂಬವರು ೧೯೫೫ರಲ್ಲಿ ಅರ್ಬುದದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರಕ್ತವು ಹರಿಯುವ ಸ್ಥಳದಿಂದ ಒಂದು ಮಿಲಿಮೀಟರಿನ ಐದರಲ್ಲೊಂದು ಪಾಲಿಗಿಂತ ಕಡಿಮೆ ದೂರದಲ್ಲಿಯೇ ಆಮ್ಲಜನಕವು ಮುಗಿದು ಕೋಶಗಳು ಸಾಯುವುದನ್ನು ಕಂಡರು. ಮೇಲೆ ಹೇಳಿದ ಮಾನಕ್ಕೆ ಈ ಗ್ರೇಯವರ ಹೆಸರನ್ನೇ ಇಟ್ಟಿರುವುದು. ಬದುಕಿರುವ ಕೋಶಗಳಿಗೂ ಸತ್ತ ಕೋಶಗಳಿಗೂ ನಡುವಿನ ಗಡಿಯಲ್ಲಿ, ಸಾಯದೆಯೂ ಚೆನ್ನಾಗಿ ಬದುಕದೆಯೂ ಉಸಿರುಕಟ್ಟಿ ಕುಳಿತಿರುವ ಕೋಶಗಳಿರುತ್ತವೆ. ಅವುಗಳನ್ನು ಕೊಲ್ಲಬೇಕಾದರೆ ಎರಡೂವರೆಯಿಂದ ಮೂರು ಪಟ್ಟು ಕಿರಣ ಬೇಕು. ದೊಡ್ಡ ಗಡ್ಡೆಗಳಲ್ಲಿ ಇಂಥ ಕೋಶಗಳು ಹೆಚ್ಚಾಗಿರುವುದು ಸಾಮಾನ್ಯ. ಚಿಕಿತ್ಸೆಯ ಬಳಿಕ ರೋಗವು ಮರುಕಳಿಸುವುದಕ್ಕೆ ಇವು ಬೀಜವಾಗಬಲ್ಲವು.

ಹಾಗಾದರೆ ಮೂರು ಪಟ್ಟು ಕಿರಣವನ್ನೇ ಕೊಡಬಾರದೇಕೆ ಎಂದು ಕೇಳಬಹುದು. ಎರಡನೆಯ ಅಡ್ಡಿಯು ಇಲ್ಲಿದೆ. ಸ್ತನದ ಕೆಳಗೆ ಶ್ವಾಸಕೋಶವಿದೆ, ಎಡಗಡೆಯಲ್ಲಿ ಹೃದಯವಿದೆ, ಮೇಲೆ ಚರ್ಮವಿದೆ. ಸ್ವೀಡನ್ ಮತ್ತು ಡೆನ್ಮಾರ್ಕ್ ದೇಶಗಳ ಸ್ತ್ರೀಯರ ದಾಖಲೆಗಳನ್ನು ಪರಿಶೀಲಿಸಿ ೨೦೧೩ರಲ್ಲಿ ಪ್ರಕಟಿಸಿದ ವರದಿಯಂತೆ, ಹೃದಯದ ಮೇಲೆ ಬೀಳುವ ಕಿರಣವು ಸರಾಸರಿ ಒಂದು ಗ್ರೇಯಷ್ಟು ಹೆಚ್ಚಿದಂತೆಲ್ಲಾ ಮುಂದೆ ಹೃದಯಾಘಾತ ಮುಂತಾದುವುಗಳ ಸಂಭವವು ನೂರಕ್ಕೆ ೭.೪ರಷ್ಟು ಏರುತ್ತದೆ. ಆದುದರಿಂದ ಕಿರಣವನ್ನು ಮನಬಂದಂತೆ ಹೆಚ್ಚಿಸುವ ಹಾಗಿಲ್ಲ. ಕಿರಣವನ್ನು ಹೆಚ್ಚಿಸದೆ ಅದರ ಫಲವನ್ನು ಗಡ್ಡೆಯಲ್ಲಿ ಮಾತ್ರ ಹೆಚ್ಚಿಸುವ ಉಪಾಯ ಬೇಕು. ಮಳೆ ಬಿದ್ದ ಮಾರನೆಯ ದಿನ ರೈತನು ಕಳೆ ಕೀಳಲು ಹೋಗುವುದನ್ನು ಎಲ್ಲರೂ ಬಲ್ಲರು. ಕೈಯ ಬಲವು ಹಿಂದಿನ ದಿನದಷ್ಟೇ; ಆದರೆ ಬೇರು ಸಡಿಲವಾಗಿರುವುದರಿಂದ ಕಳೆಯು ಸುಲಭವಾಗಿ ಬರುತ್ತದೆ. ಗಡ್ಡೆಯ ಬೇರನ್ನು ಹೀಗೆ ಸಡಿಲಿಸುವ ಕೆಲಸವನ್ನು ಶಬ್ದದಿಂದ ಮಾಡಿಸುವುದೇ ಈ ಹೊಸ ಪ್ರಯತ್ನ.

೪. ಕೇಳಿಸದ ಶಬ್ದ

ಶಬ್ದವೆಂದರೆ ಕಂಪನ. ಒಂದು ಸೆಕೆಂಡಿಗೆ ೨೦ರಿಂದ ಮೊದಲ್ಗೊಂಡು ೨೦,೦೦೦ ಪರ್ಯಂತ ಆಗುವ ಕಂಪನಗಳು ಮಾತ್ರ ನಮ್ಮ ಕಿವಿಗೆ ಕೇಳಿಸುತ್ತವೆ. ಅದಕ್ಕಿಂತ ಮೇಲಿನದು ಶ್ರವಣಾತೀತ ಶಬ್ದ. ಇಟಲಿಯ ಸ್ಪಲ್ಲಂಜಾನಿ ಎಂಬ ವಿದ್ವಾಂಸರು ೧೭೯೪ರಲ್ಲಿಯೇ, ಕಣ್ಣು ಕಾಣದ ಬಾವಲಿಯು ಎಲ್ಲಿಯೂ ತಗಲದೆ ಹಾರುತ್ತದೆಂದೂ, ಕಿವಿಯನ್ನು ಮುಚ್ಚಿದರೆ ಮಾತ್ರ ಡಿಕ್ಕಿ ಹೊಡೆಯುತ್ತದೆಂದೂ ಕಂಡಿದ್ದರು. ಬಾವಲಿಯು ಶ್ರವಣಾತೀತ ಶಬ್ದವನ್ನು ಹೊರಡಿಸಿ, ಅದರ ಪ್ರತಿಧ್ವನಿಯಿಂದ ದಾರಿ ತಿಳಿಯುತ್ತದೆಂಬುದು ಬಹುಕಾಲದ ಮೇಲೆ ಗೊತ್ತಾಯಿತು.

ಅಂಥ ಶಬ್ದವನ್ನು ಮನುಷ್ಯರು ಹುಟ್ಟಿಸುವುದಕ್ಕೆ ದಾರಿ ತೋರಿಸಿದವರು ಯಾರೆಂಬುದು ಗಮನಿಸತಕ್ಕ ವಿಷಯ. ೧೮೮೦ರಲ್ಲಿ ಜಾಕ್ ಕ್ಯೂರಿ, ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು ಬೆಣಚುಕಲ್ಲಿನ ಜಾತಿಯ ಸ್ಫಟಿಕಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು ಕಂಡರು. ಹಾಗೆಯೇ ಅಂಥ ಸ್ಫಟಿಕಕ್ಕೆ ವಿದ್ಯುತ್ತನ್ನು ಕೊಟ್ಟರೆ ಅದು ಹಿಗ್ಗಿ ಕುಗ್ಗಿ ನಡುಗುತ್ತದೆ. ಒಂದನೆಯ ಮಹಾಯುದ್ಧದ ಕಾಲದಲ್ಲಿ, ನೀರಿನೊಳಗಿನ ಶತ್ರುನೌಕೆಗಳನ್ನು ಪತ್ತೆ ಮಾಡುವುದಕ್ಕಾಗಿ ಪಿಯರ್ ಕ್ಯೂರಿಯವರ ಶಿಷ್ಯರಾದ ಲಾಂಜೆವಿನ್ ಎಂಬವರು ಇಂಥ ಸ್ಫಟಿಕದಿಂದಲೇ ಶ್ರವಣಾತೀತ ಶಬ್ದವನ್ನು ಹೊರಡಿಸಿದರು. ರೇಡಿಯಮಿನ ಕಿರಣಕ್ಕೂ ಸ್ಫಟಿಕದ ಶಬ್ದಕ್ಕೂ ಒಂದೇ ಮನೆಯು ತವರಾಯಿತೆಂದು ಹೇಳಬಹುದು. ೧೯೫೮ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಇಯನ್ ಡೊನಾಲ್ಡ್ ಎಂಬ ವೈದ್ಯರೂ ಅವರ ಸಂಗಡಿಗರೂ ಈ ಶಬ್ದದ ಪ್ರತಿಧ್ವನಿಯಿಂದ ಹೊಟ್ಟೆಯೊಳಗಿನ ಗಡ್ಡೆಗಳ ಮತ್ತು ಗರ್ಭದ ಚಿತ್ರಗಳನ್ನು ತೆಗೆದು ಪ್ರಕಟಿಸಿದರು. ಗರ್ಭಿಣಿಯರಿಗೆ ಈಗ ಊರೂರಿನಲ್ಲಿ ಮಾಡುವ ಸ್ಕ್ಯಾನಿಂಗ್ ಎಂಬುದು ಇದೇ.

೫. ಗುಳ್ಳೆಗಳ ಕೆಲಸ

೧೯೬೮ರಲ್ಲಿ ಅಮೇರಿಕದ ಗ್ರಾಮಿಯಾಕ್ ಮತ್ತು ಷಾ ಎಂಬ ವೈದ್ಯರು, ರಕ್ತದೊಳಗೆ ಗಾಳಿಯ ಸಣ್ಣ ಗುಳ್ಳೆಗಳಿದ್ದರೆ ಅವು ಶಬ್ದವನ್ನು ಬಲವಾಗಿ ಹಿಂದಕ್ಕೆ ಎಸೆಯುವುದರಿಂದ ಹೃದಯದ ಚಿತ್ರವು ಸ್ಪಷ್ಟವಾಗಿ ಮೂಡುವುದೆಂದು ತೋರಿಸಿದರು. ಅಂದಿನಿಂದ ಇದಕ್ಕೆಂದೇ ಗುಳ್ಳೆಗಳನ್ನು ತಯಾರಿಸುವ ಕಲೆಯು ಬೆಳೆಯಿತು. ಈ ಗುಳ್ಳೆಗಳ ಅಡ್ಡಳತೆಯು ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಹೆಚ್ಚಿನವು ಕೆಂಪು ರಕ್ತಕಣಕ್ಕಿಂತಲೂ ಚಿಕ್ಕವು. ಆದುದರಿಂದ ಅವು ಅತಿ ಸಣ್ಣ ಲೋಮನಾಳಗಳಲ್ಲಿಯೂ ತಡೆಯಿಲ್ಲದೆ ಸಾಗುತ್ತವೆ. ಒಳಗೆ ರಕ್ತದಲ್ಲಿ ಸುಲಭವಾಗಿ ಕರಗದ ಒಂದು ಭಾರವಾದ ಅನಿಲ. ಹೊರಗೆ ಕೊಬ್ಬಿನ ಅಥವಾ ಪ್ರೋಟೀನಿನ ತೆಳುವಾದ ಪೊರೆ. ಕೈಯ ರಕ್ತನಾಳದಲ್ಲಿ ಸೂಜಿಯಿಂದ ಬಿಟ್ಟರೆ ಕೆಲವು ನಿಮಿಷಗಳ ತನಕ ಶರೀರದಲ್ಲಿ ಸುತ್ತಾಡಿ ಒಡೆದುಹೋಗುತ್ತವೆ. ಅನಿಲವು ಉಸಿರಿನೊಡನೆ ಹೊರಟುಹೋಗುತ್ತದೆ.

ಶಬ್ದದ ಅಲೆಯು ಬಡಿದಾಗ ಗುಳ್ಳೆಯು ಸುಮ್ಮನಿರುವುದಿಲ್ಲ. ಅಲೆಯ ಒತ್ತಡವು ಇಳಿದಾಗ ಹಿಗ್ಗುತ್ತದೆ, ಏರಿದಾಗ ಕುಗ್ಗುತ್ತದೆ. ಒಂದು ಸೆಕೆಂಡಿಗೆ ಲಕ್ಷಗಟ್ಟಲೆ ಸಾರಿ ಹೀಗೆ ಹಿಗ್ಗಿ ಕುಗ್ಗುತ್ತಾ, ತಾನಿರುವ ನಾಳದ ಒಳಪೊರೆಯನ್ನು ತಳ್ಳುತ್ತಲೂ ಎಳೆಯುತ್ತಲೂ ಇರುತ್ತದೆ. ಶಬ್ದವು ಬಲವಾಗಿದ್ದರೆ ಒಡೆದು ಪೊರೆಗೆ ಪೆಟ್ಟು ಕೊಡುತ್ತದೆ. ಗುಳ್ಳೆಗಳು ಶರೀರದಲ್ಲೆಲ್ಲಾ ಹರಿದಾಡುತ್ತಿದ್ದರೂ, ಶಬ್ದವನ್ನು ಭೂತಗನ್ನಡಿಯು ಬಿಸಿಲನ್ನು ಕೂಡಿಸುವಂತೆ ಗಡ್ಡೆಯ ಮೇಲೆ ಮಾತ್ರ ಕೂಡಿಸಿದರೆ, ಪೆಟ್ಟು ಗಡ್ಡೆಯ ನಾಳಗಳಿಗೆ ಮಾತ್ರ ಬೀಳುತ್ತದೆ. ಸ್ಥಳವನ್ನು ಆರಿಸುವ ಈ ಗುಣವೇ ಇದರ ಹೆಚ್ಚಳ.

೬. ಎರಡರ ಸಂಯೋಗ

ನಾಳದ ಪೊರೆಗೆ ಪೆಟ್ಟು ಬಿದ್ದರೆ ಕಿರಣಕ್ಕೇನು ಲಾಭ? ಇದಕ್ಕೆ ಉತ್ತರವು ನ್ಯೂಯಾರ್ಕ್ ನಗರದ ಕೋಲೆಸ್ನಿಕ್, ಫುಕ್ಸ್ ಮೊದಲಾದ ಸಂಶೋಧಕರಿಂದ ೨೦೦೩ರಲ್ಲಿ ದೊರೆಯಿತು. ಕಿರಣವು ಅರ್ಬುದದ ಕೋಶಗಳನ್ನು ನೇರವಾಗಿ ಕೊಲ್ಲುವುದಲ್ಲದೆ, ಗಡ್ಡೆಯನ್ನು ಪೋಷಿಸುವ ನಾಳಗಳ ಒಳಪೊರೆಯ ಕೋಶಗಳನ್ನೂ ಕೊಲ್ಲುತ್ತದೆ. ಹೇಗಂದರೆ, ಆ ಕೋಶಗಳ ಹೊರಪದರದಲ್ಲಿ ಸೆರಮೈಡ್ ಎಂಬ ಕೊಬ್ಬಿನ ಜಾತಿಯ ವಸ್ತುವು ಹುಟ್ಟುತ್ತದೆ; ಅದು ಕೋಶಕ್ಕೆ ತಾನಾಗಿ ಸಾಯುವಂತೆ ಸೂಚನೆ ಕೊಡುತ್ತದೆ. ಸೆರಮೈಡನ್ನು ಹುಟ್ಟಿಸುವ ಕಿಣ್ವವು ಜನ್ಮತಃ ಇಲ್ಲದ ಇಲಿಗಳಲ್ಲಿ ಗಡ್ಡೆಗಳನ್ನು ಬೆಳೆಯಿಸಿ ಕಿರಣ ಕೊಟ್ಟಾಗ, ಅವು ಕಿರಣಕ್ಕೆ ಸರಿಯಾಗಿ ಬಗ್ಗಲಿಲ್ಲ. ಆದರೆ ನಾಳದ ಪೊರೆಯು ಹೀಗೆ ಸಾಯಬೇಕಾದರೆ ಒಂದೇ ಸಾರಿಗೆ ೮ರಿಂದ ೧೦ ಗ್ರೇಗಿಂತಲೂ ಹೆಚ್ಚಿನ ಕಿರಣವು ಬೇಕು. ದಿನಕ್ಕೆ ಎರಡು ಗ್ರೇಯಷ್ಟೇ ಕೊಡುವ ಸಾಮಾನ್ಯ ಚಿಕಿತ್ಸೆಯಲ್ಲಿ ಈ ಲಾಭವು ದೊರೆಯುವುದು ಅಲ್ಪ.

ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಸನ್ನಿಬ್ರೂಕ್ ಎಂಬ ಆಸ್ಪತ್ರೆಯಿದೆ. ಅಲ್ಲಿಯ ಗ್ರೆಗರಿ ಚಾರ್ನೋಟಾ ಎಂಬ ವೈದ್ಯರೂ ಅವರ ಸಂಗಡಿಗರೂ ಈ ಸ್ಥಳದಲ್ಲಿ ಶಬ್ದವನ್ನು ತಂದು ಸೇರಿಸಿದರು. ಗುಳ್ಳೆಗಳ ಪೆಟ್ಟು ತಿಂದ ಪೊರೆಯಲ್ಲಿಯೂ ಸೆರಮೈಡ್ ಹುಟ್ಟುತ್ತದೆ. ಹೀಗೆ ಮೊದಲೇ ದುರ್ಬಲವಾದ ಪೊರೆಯು ಅಲ್ಪ ಕಿರಣಕ್ಕೂ ಬಲಿಯಾಗಬೇಕಷ್ಟೆ ಎಂಬುದು ಅವರ ತರ್ಕ. ಪುರುಷರ ಪ್ರಾಸ್ಟೇಟ್ ಗ್ರಂಥಿಯ ಅರ್ಬುದವನ್ನು ಇಲಿಗಳಲ್ಲಿ ಬೆಳೆಯಿಸಿ ಅವರು ಮಾಡಿದ ಪರೀಕ್ಷೆಯು ೨೦೧೨ರಲ್ಲಿ ಪ್ರಕಟವಾಯಿತು. ಶಬ್ದವನ್ನೂ ಗುಳ್ಳೆಯನ್ನೂ ಒಂದು ಸಾರಿ ಪ್ರಯೋಗಿಸಿ ಒಂದು ಸಾರಿ ಕಿರಣ ಕೊಟ್ಟಾಗ, ಸತ್ತ ಕೋಶಗಳ ಪ್ರಮಾಣವು ಹತ್ತು ಪಟ್ಟಿಗಿಂತಲೂ ಹೆಚ್ಚಿತು. ಗಡ್ಡೆಯಲ್ಲಿ ರಕ್ತದ ಹರಿವು ಕುಂದಿತು. ಆಹಾರವಿಲ್ಲದೆ ಅದರ ಒಳಭಾಗವು ನಾಶವಾಯಿತು. ೨೦೧೬ರಲ್ಲಿ ಅವರೇ ಮನುಷ್ಯರ ಸ್ತನದ ಅರ್ಬುದದ ಕೋಶಗಳನ್ನು ಇಲಿಗಳಲ್ಲಿ ಬೆಳೆಯಿಸಿ ನೋಡಿದಾಗಲೂ ಎರಡರ ಸಂಯೋಗವು ಬಿಡಿಬಿಡಿಯಾದ ಚಿಕಿತ್ಸೆಗಿಂತ ಮೇಲಾಗಿ ಕಂಡಿತು.

ಇಲ್ಲಿ ಜಾಣ ವಾಚಕರಿಗೆ ಒಂದು ಸಂದೇಹವು ಹುಟ್ಟಬೇಕು. ನಾಳಗಳು ಮುಚ್ಚಿದರೆ ಆಮ್ಲಜನಕವು ಇನ್ನೂ ಕಡಿಮೆಯಾಗುವುದಲ್ಲವೇ? ಆಮ್ಲಜನಕವಿಲ್ಲದ ಕೋಶವು ಕಿರಣಕ್ಕೆ ಬಗ್ಗುವುದಿಲ್ಲವೆಂದು ಮೇಲೆ ಹೇಳಿದೆಯಲ್ಲಾ? ಸಂದೇಹವು ನ್ಯಾಯವಾದುದೇ. ಆದುದರಿಂದಲೇ ಶಬ್ದವನ್ನು ಕೊಟ್ಟ ಬಳಿಕ ಬಹಳ ಹೊತ್ತು ಕಳೆಯಗೊಡದೆ ಕಿರಣವನ್ನು ಕೊಡುತ್ತಾರೆ. ನಾಳಗಳು ಪೂರ್ತಿಯಾಗಿ ಕುಸಿಯುವುದು ಎರಡೂ ಪೆಟ್ಟು ಬಿದ್ದ ಮೇಲೆ. ಆಗ ಉಳಿದ ಕೋಶಗಳು ಹಸಿವಿನಿಂದ ಅಳಿಯುತ್ತವೆ. ಅಮೇರಿಕದ ಫಿಲಡೆಲ್ಫಿಯ ನಗರದ ಸಂಶೋಧಕರಾದರೋ ಇದೇ ಸಂದೇಹಕ್ಕೆ ಬೇರೊಂದು ದಾರಿಯಿಂದ ಉತ್ತರ ಹುಡುಕಿದರು. ಅವರು ಗುಳ್ಳೆಯೊಳಗೆ ಆಮ್ಲಜನಕವನ್ನೇ ತುಂಬಿ, ಗಡ್ಡೆಯಲ್ಲಿ ಶಬ್ದದಿಂದ ಅದನ್ನು ಒಡೆದು, ಉಸಿರುಕಟ್ಟಿದ ಕೋಶಗಳಿಗೆ ಕ್ಷಣಕಾಲ ಉಸಿರು ಕೊಟ್ಟು ಒಡನೆಯೇ ಕಿರಣ ಬಿಡುವ ಕ್ರಮವನ್ನು ಇಲಿಗಳ ಸ್ತನದ ಗಡ್ಡೆಗಳಲ್ಲಿ ಪರೀಕ್ಷಿಸಿ, ಅದರಿಂದ ಕಿರಣದ ಫಲವು ಹೆಚ್ಚುವುದೆಂದು ೨೦೧೮ರಲ್ಲಿ ಪ್ರಕಟಿಸಿದರು.

೭. ಮನುಷ್ಯರಲ್ಲಿ ಪರೀಕ್ಷೆ

ಇಲಿಯಲ್ಲಿ ಸಿದ್ಧಿಸಿದ್ದೆಲ್ಲಾ ಮನುಷ್ಯರಲ್ಲಿ ಸಿದ್ಧಿಸುವುದಿಲ್ಲ. ಆದಕಾರಣ ಯಾವ ಹೊಸ ಚಿಕಿತ್ಸೆಯನ್ನಾದರೂ ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷಿಸುತ್ತಾರೆ. ಮೊದಲನೆಯ ಮೆಟ್ಟಿಲಿನಲ್ಲಿ ಇದು ಅಪಾಯಕರವೇ ಎಂದು ಮಾತ್ರ ಕೇಳುತ್ತಾರೆ; ಎರಡನೆಯದರಲ್ಲಿ ಫಲದ ಸೂಚನೆಯಿದೆಯೇ ಎಂದು; ಮೂರನೆಯದರಲ್ಲಿ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ, ಹಳೆಯ ಚಿಕಿತ್ಸೆಗಿಂತ ಹೊಸದು ಮೇಲೇ ಎಂದು.

ಸನ್ನಿಬ್ರೂಕ್ ಆಸ್ಪತ್ರೆಯವರು ಮೊದಲನೆಯ ಮೆಟ್ಟಿಲಿನ ಪರೀಕ್ಷೆಯನ್ನು ಸ್ತನದ ಅರ್ಬುದವಿದ್ದ ಸುಮಾರು ಇಪ್ಪತ್ತು ಸ್ತ್ರೀಯರಲ್ಲಿ ನಡೆಸಿ, ೨೦೨೪ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ರೋಗಿಯನ್ನು ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ, ಅದರ ಚಿತ್ರದಿಂದ ಗಡ್ಡೆಯ ಸ್ಥಳವನ್ನು ಗುರುತಿಸಿ, ಕೈಯ ನಾಳದಲ್ಲಿ ಗುಳ್ಳೆಗಳನ್ನು ಬಿಟ್ಟು, ಗಡ್ಡೆಯ ಮೇಲೆ ಶಬ್ದವನ್ನು ಕೂಡಿಸಿದರು. ಆ ಮೇಲೆ ಎಂದಿನಂತೆ ಕಿರಣವನ್ನು ಕೊಟ್ಟರು. ಚರ್ಮವು ಕೆಂಪಾಗುವುದೇ ಮೊದಲಾದ, ಕಿರಣದಿಂದ ಸಾಮಾನ್ಯವಾಗಿ ಬರುವ ಉಪದ್ರವಗಳು ಬಹುಮಟ್ಟಿಗೆ ಸೌಮ್ಯವಾಗಿದ್ದುವು. ಹೆಚ್ಚಿನ ಗಡ್ಡೆಗಳು ಕುಗ್ಗಿದುವು.

ಇದನ್ನು ಓದಿ ಸಂತೋಷಪಡುವುದು ಸಹಜ. ಆದರೆ ಎಷ್ಟು ಸಂತೋಷಪಡಬೇಕೆಂಬುದನ್ನೂ ಕಲಿಯಬೇಕು. ಆ ಸ್ತ್ರೀಯರೆಲ್ಲರೂ ಕಿರಣವನ್ನೂ ಪಡೆದಿದ್ದರು. ಶಬ್ದವಿಲ್ಲದೆ ಕಿರಣವನ್ನು ಮಾತ್ರ ಪಡೆದ ಇನ್ನೊಂದು ಪಂಗಡವು ಪಕ್ಕದಲ್ಲಿರಲಿಲ್ಲ. ಆದುದರಿಂದ ಗಡ್ಡೆ ಕುಗ್ಗಿದುದರಲ್ಲಿ ಶಬ್ದದ ಪಾಲೆಷ್ಟು, ಕಿರಣದ ಪಾಲೆಷ್ಟು ಎಂದು ಈ ಪರೀಕ್ಷೆಯಿಂದ ಹೇಳಲಾಗದು. ಈ ಮಾರ್ಗವು ಮನುಷ್ಯರಿಗೆ ಸಹ್ಯವಾಗಿದೆ, ಮುಂದುವರಿಸಲು ಯೋಗ್ಯವಾಗಿದೆ ಎಂಬಷ್ಟು ಮಾತ್ರ ಇದರಿಂದ ತಿಳಿಯುತ್ತದೆ. ಶಾಲೆಯಲ್ಲಿ ವಿಜ್ಞಾನವನ್ನು ಕಲಿತ ಪ್ರಯೋಜನವು ಯಾವುದೆಂದರೆ, ಒಂದು ಸುದ್ದಿಯನ್ನು ಕೇಳಿದಾಗ ಅದು ಯಾವ ಮೆಟ್ಟಿಲಿನಲ್ಲಿದೆ, ಯಾರೊಡನೆ ಹೋಲಿಸಿ ಹೇಳಿದ್ದು ಎಂದು ಕೇಳುವ ಅಭ್ಯಾಸವೇ. ಹೊಸ ಚಿಕಿತ್ಸೆಯ ಸುದ್ದಿಯನ್ನು ಪತ್ರಿಕೆಯಲ್ಲಿ ನೋಡಿ, ಕೈಯಲ್ಲಿರುವ ಚಿಕಿತ್ಸೆಯನ್ನು ಬಿಟ್ಟು ಕಾಯುವುದು ದೊಡ್ಡ ಅಪಾಯ. ನಾಳೆಯ ಹೊಳೆಯನ್ನು ನಂಬಿ ಇಂದಿನ ಕೊಡವನ್ನು ಚೆಲ್ಲಬಾರದು.

೮. ನಮ್ಮ ಕೈಯಲ್ಲಿರುವುದು

ಈ ಪ್ರಯತ್ನವೆಲ್ಲವೂ ಮುಖ್ಯವಾಗಿ ಗಡ್ಡೆಯು ದೊಡ್ಡದಾದ ಮೇಲೆ ಬಂದವರಿಗೋಸ್ಕರ. ಅಷ್ಟು ದೊಡ್ಡದಾಗುವುದಕ್ಕೆ ಮುಂಚೆಯೇ ಅದನ್ನು ಹಿಡಿಯುವುದಕ್ಕೆ ಶಬ್ದವೂ ಬೇಡ, ಗುಳ್ಳೆಯೂ ಬೇಡ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಆ ನಗರದ ಬಡ ಕೇರಿಗಳಲ್ಲಿ ೧೯೯೮ರಿಂದ ಮೊದಲುಮಾಡಿ ಸುಮಾರು ಇಪ್ಪತ್ತು ವರ್ಷ ಒಂದು ಪರೀಕ್ಷೆಯನ್ನು ನಡೆಸಿದರು. ಅದರಲ್ಲಿ ಸೇರಿದ್ದವರು ಒಂದೂವರೆ ಲಕ್ಷಕ್ಕಿಂತಲೂ ಹೆಚ್ಚು ಸ್ತ್ರೀಯರು. ಅವರಲ್ಲಿ ಒಂದು ಪಂಗಡದವರ ಸ್ತನಗಳನ್ನು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಲಾಯಿತು. ಪರೀಕ್ಷಿಸಿದವರು ದೊಡ್ಡ ವೈದ್ಯರಲ್ಲ. ಹತ್ತನೆಯ ತರಗತಿಯ ತನಕ ಓದಿ, ಈ ಕೆಲಸದಲ್ಲಿ ತರಬೇತು ಪಡೆದ ಹೆಂಗಸರು. ೨೦೨೧ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಐವತ್ತು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಸ್ತ್ರೀಯರಲ್ಲಿ ಈ ರೋಗದಿಂದಾಗುವ ಮರಣವು ಸುಮಾರು ನೂರಕ್ಕೆ ಮೂವತ್ತರಷ್ಟು ಕಡಿಮೆಯಾಗಿತ್ತು. ಇನ್ನೂ ಎಳೆಯ ವಯಸ್ಸಿನವರಲ್ಲಿ ಅಂಥ ಲಾಭವು ಸಿದ್ಧವಾಗಲಿಲ್ಲ. ಆದರೂ ರೋಗವು ಹೆಚ್ಚು ಬಲಿಯುವ ಮೊದಲೇ ಪತ್ತೆಯಾಯಿತು. ಹೈಸ್ಕೂಲಿನ ವಿದ್ಯೆಯುಳ್ಳ ಹೆಂಗಸಿನ ಹತ್ತು ಬೆರಳುಗಳು ಇಷ್ಟು ಮಾಡಬಲ್ಲವು ಎಂಬುದನ್ನು ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಿದ ತಂದೆತಾಯಿಗಳು ಅಭಿಮಾನದಿಂದ ನೆನೆಯಬಹುದು.

ಆದುದರಿಂದ ಪ್ರತಿಯೊಬ್ಬ ಸ್ತ್ರೀಯೂ ಕೆಲವು ಲಕ್ಷಣಗಳನ್ನು ತಿಳಿದಿರತಕ್ಕದ್ದು. ಸ್ತನದಲ್ಲಿಯಾಗಲಿ ಕಂಕುಳಿನಲ್ಲಿಯಾಗಲಿ ಹೊಸದಾಗಿ ಕಂಡ ಗಂಟು. ಒಂದು ಸ್ತನದ ಆಕಾರದಲ್ಲಿ ಉಂಟಾದ ವ್ಯತ್ಯಾಸ. ಚರ್ಮವು ಕುಳಿಬೀಳುವುದು ಅಥವಾ ಕಿತ್ತಳೆಯ ಸಿಪ್ಪೆಯಂತಾಗುವುದು. ತೊಟ್ಟು ಒಳಕ್ಕೆ ಸೇದಿಕೊಳ್ಳುವುದು ಅಥವಾ ಅದರಿಂದ ರಕ್ತ ಒಸರುವುದು. ಇವುಗಳಲ್ಲಿ ಒಂದು ಕಂಡರೂ ನೋವಿಲ್ಲವೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು. ಇಂಥ ಗಂಟುಗಳಲ್ಲಿ ಹೆಚ್ಚಿನವು ಅರ್ಬುದವಲ್ಲ. ಆದರೆ ಯಾವುದು ಹೌದು ಯಾವುದು ಅಲ್ಲ ಎಂಬುದು ಪರೀಕ್ಷೆಯಿಂದಲೇ ಗೊತ್ತಾಗತಕ್ಕದ್ದು. ನಮ್ಮ ನಾಡಿನಲ್ಲಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯು ೧೯೭೩ರಿಂದ ಈ ರೋಗಕ್ಕೆಂದೇ ನಡೆಯುತ್ತಾ ಬಂದಿದೆ. ಈಗ ಬೇರೆ ಪಟ್ಟಣಗಳಲ್ಲಿಯೂ ಕಿರಣಚಿಕಿತ್ಸೆಯ ಅನುಕೂಲವುಂಟು.

ಗೃಹಿಣಿಯು ತನ್ನ ಶರೀರದ ವಿಷಯವನ್ನು ತಾನಾಗಿ ಎತ್ತಲು ಹಿಂಜರಿಯುವುದರಿಂದ, ಓದುಬರಹ ಬಲ್ಲ ಮಗಳೂ ಸೊಸೆಯೂ ಸಮಯ ನೋಡಿ ಮೆಲ್ಲಗೆ ಕೇಳುವುದು ಒಳ್ಳೆಯದು. ಗಂಡಸರೂ ಇದನ್ನು ಹೆಂಗಸರ ಗುಟ್ಟೆಂದು ತಳ್ಳಿಹಾಕದೆ, ಆಸ್ಪತ್ರೆಗೆ ಜೊತೆಯಾಗಿ ಹೋಗುವ ಧೈರ್ಯವನ್ನು ತೋರಿಸಬೇಕು. ದೂರದ ಟೊರಾಂಟೋದಲ್ಲಿಯೂ ಫಿಲಡೆಲ್ಫಿಯದಲ್ಲಿಯೂ ವಿದ್ವಾಂಸರು ಕೇಳಿಸದ ಶಬ್ದವನ್ನು ಕೆಲಸಕ್ಕೆ ಹಚ್ಚುತ್ತಿರುವುದು ಸ್ತುತ್ಯವಾದ ಕಾರ್ಯ. ಅದು ಸಫಲವಾದರೆ ತಡವಾಗಿ ಬಂದ ಎಷ್ಟೋ ತಾಯಂದಿರಿಗೆ ಆಯುಷ್ಯವು ದೊರೆತೀತು. ಆ ಕಾರ್ಯವು ಮುಗಿಯುವ ತನಕ, ನಮ್ಮ ಮನೆಗಳೊಳಗೆ ಕೇಳಿಸಬೇಕಾದ ಶಬ್ದವೊಂದಿದೆ. ಅಮ್ಮಾ, ನಿಮಗೆ ಎಲ್ಲಿಯಾದರೂ ಗಂಟು ತಗಲಿದೆಯೇ, ನಾಳೆಯೇ ಹೋಗಿ ತೋರಿಸಿಕೊಂಡು ಬರೋಣವೇ ಎಂಬ ಆ ಎರಡು ಮಾತುಗಳನ್ನು ಆಡುವುದಕ್ಕೆ ಯಾವ ಯಂತ್ರವೂ ಬೇಡ.